ಲಕ್ಷ್ಮಿ: ರವಿವರ್ಮ ಮುದ್ರಣಾಲಯದ ಕಲ್ಲಚ್ಚಿನ ಚಿತ್ರ

ಕಾಗದದ ಮೇಲೆ ಬಣ್ಣದ ಕಲ್ಲಚ್ಚು. 20ನೆಯ ಶತಮಾನದ ಆರಂಭ.

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದ ಪರಂಪರೆಗೆ ಸೇರಿದ ಚಿತ್ರವಿದು. ಅವರ ತೈಲಚಿತ್ರಗಳು ಅರಮನೆ, ಸಿರಿವಂತರ ಮನೆಗಳಲ್ಲಿದ್ದವು. ಅಚ್ಚಿನ ಲಕ್ಷ್ಮಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳ ಪಡಸಾಲೆ, ಅಂಗಡಿ, ದೇವರ ಮನೆಗಳಿಗೂ ಎಟುಕಿದಳು.

ಸಾವಿರಾರು ಪ್ರತಿಗಳಿದ್ದ ಚಿತ್ರವನ್ನು ಸಂಗ್ರಹಿಸುವುದೇಕೆ ಎಂದು ಕೇಳಬಹುದು. ಇಂದಿನ ಜಪಾನಿನ ಪಾಪ್ ಕಲಾವಿದ ತಕಾಶಿ ಮುರಕಾಮಿ ಅವರ ಹಲವು ಮುದ್ರಿತ ಚಿತ್ರಗಳು 300 ಪ್ರತಿಗಳಿಗೆ ಸೀಮಿತ. ಅವುಗಳ ಮೇಲೆ ಪ್ರತಿಯ ಸಂಖ್ಯೆ, ಸಹಿ ಇರುತ್ತವೆ. ಆದರೆ ಆ ಸಂಖ್ಯೆಯಿಂದ ತಿಳಿಯುವುದು ಪ್ರತಿ ಎಷ್ಟು ವಿರಳ ಎಂಬುದಷ್ಟೇ. ಕೆಲಸದ ಹದ ತಿಳಿಯುವುದಿಲ್ಲ. ಈ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಕಲ್ಲಿನ ಮೇಲೆ ಕೈಯಿಂದಲೇ ಚಿತ್ರ ಬಿಡಿಸಬೇಕಿತ್ತು. ಅಚ್ಚು ಕೂದಲೆಳೆಯಷ್ಟು ಸರಿದರೂ ಮುಖ ಕೆಡುತ್ತಿತ್ತು. ದೀಪದ ಹೊಗೆ, ಗೆದ್ದಲು, ತೇವಕ್ಕೆ ಸಿಕ್ಕಿ ಎಷ್ಟೋ ಪ್ರತಿಗಳು ಹಾಳಾದ್ದರಿಂದ, ಅಗ್ಗವಾಗಿ ಮಾರಾಟವಾದ ಚಿತ್ರವೂ ಈಗ ಅಪರೂಪವೇ.

ಗಮನಿಸಿ: ಕೆನ್ನೆಯ ನೆರಳನ್ನು ಹತ್ತಿರದಿಂದ ನೋಡಿ. ದೂರಕ್ಕೆ ನುಣುಪಾಗಿ ಕಾಣುವ ಮೈಬಣ್ಣ ಸಣ್ಣ ಸಣ್ಣ ಚುಕ್ಕೆಗಳಿಂದ ಕೂಡಿದೆ.