ಭೀಮಾತೀರದ ಕುದುರೆಮರಿಗಳು ಮತ್ತು ಜಂತುರೋಗದ ಚಿಕಿತ್ಸೆ: ಒಂದು ಚಾರಿತ್ರಿಕ ಅವಲೋಕನ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾ ಮತ್ತು ಅದರ ಸುತ್ತಣ ಗ್ರಾಮಗಳು ಭೀಮಾ ಹಾಗೂ ಡೋಣಿ ನದಿಗಳ ನಡುವಣ ಬಯಲಿಗೆ ಸೇರಿವೆ. ದಖನ್ನಿನ ಇತಿಹಾಸದಲ್ಲಿ ಹೆಸರಾದ ‘ಭೀಮಥಡಿ’ ತಟ್ಟುಗಳು ಇದೇ ಭೀಮಾ ಕಣಿವೆಯವು. ನದಿಯ ದಡವೆಂಬ ಅರ್ಥದ ‘ತಡಿ’ ಕನ್ನಡಿಗರಿಗೂ ಆಪ್ತವಾದ ಪದವೇ. ಮರಾಠರ ದಂಡಿನಲ್ಲಿ ಕೀರ್ತಿ ಗಳಿಸಿದ ಈ ತಟ್ಟುಗಳ ಓಟ, ಸಹನಶಕ್ತಿಗಳ ಬಗ್ಗೆ ಬರೆದವರು ಅನೇಕರು. ಅವುಗಳ ಮರಿಗಳು ಹೇಗೆ ಬದುಕಿ ಉಳಿದವು ಎಂಬ ಪ್ರಶ್ನೆಗೆ ದೊರೆತ ಗಮನ ಅಲ್ಪ.

ಪಶುವೈದ್ಯದ ಬರವಣಿಗೆಯಲ್ಲಿ ಕನ್ನಡ ಬಡಭಾಷೆಯಲ್ಲ. ಚಾಲುಕ್ಯ ಮನೆತನದ ಕೀರ್ತಿವರ್ಮನ ‘ಗೋವೈದ್ಯ’ 12ನೆಯ ಶತಮಾನದ ಆರಂಭದ್ದು. ಸುಮಾರು 1400ರಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ರಚಿಸಿದನು, 17ನೆಯ ಶತಮಾನದಲ್ಲಿ ಮೈಸೂರು ಅರಸರ ಆಶ್ರಯದಲ್ಲಿ ಪದ್ಮಣ ಪಂಡಿತನ ‘ಹಯಸಾರ ಸಮುಚ್ಚಯ’ ಹುಟ್ಟಿತು. ಇವುಗಳ ಹಿಂದೆ ಶಾಲಿಹೋತ್ರ, ನಕುಲ, ಜಯದತ್ತರ ಹೆಸರಿನಲ್ಲಿ ಹರಿದುಬಂದ ಸಂಸ್ಕೃತ ಪರಂಪರೆಯಿದೆ. ಕ್ರಿಮಿರೋಗದ ತಾತ್ವಿಕ ವಿವೇಚನೆಯಾದರೋ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಸ್ಪಷ್ಟವಾಗಿದೆ. ಅಲ್ಲಿ ಮನುಷ್ಯನ ಕ್ರಿಮಿಗಳಿಗೆ ಮೂರು ಬಗೆಯ ಉಪಾಯಗಳನ್ನು ವಿಧಿಸಲಾಗಿದೆ: ಕ್ರಿಮಿಯನ್ನು ಹೊರತೆಗೆಯುವ ಅಪಕರ್ಷಣ, ಅದು ಬೆಳೆಯುವ ಪರಿಸ್ಥಿತಿಯನ್ನು ಕೆಡಿಸುವ ಪ್ರಕೃತಿವಿಘಾತ, ಕಾರಣವನ್ನೇ ತಪ್ಪಿಸುವ ನಿದಾನಪರಿವರ್ಜನ. ವಾಯುವಿಳಂಗ, ಮುತ್ತುಗದ ಬೀಜ ಮುಂತಾದ ಔಷಧಿಗಳಿಗೆ ಮೊದಲೆರಡರಲ್ಲಿ ಸ್ಥಾನ. ಕುದುರೆಮರಿಯ ಮಟ್ಟಿಗೆ ಮೂರನೆಯದೇ ನಿರ್ಣಾಯಕವಾದದ್ದು. ಚಿಕಿತ್ಸೆಯ ಮುಂದಿನ ಇತಿಹಾಸದಲ್ಲಿ ಬಹುಕಾಲ ಮರೆಗೆ ಸರಿದದ್ದೂ ಅದೇ.

ಆದಿಲಶಾಹಿ ಬಿಜಾಪುರಕ್ಕೆ (1490–1686) ಉತ್ತಮ ಯುದ್ಧಾಶ್ವಗಳು ಅರಬ್ಬೀ ಹಾಗೂ ಪಾರಸೀಕ ನಾಡುಗಳಿಂದ ಸಮುದ್ರಮಾರ್ಗವಾಗಿ ಬರುತ್ತಿದ್ದವು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಬಳಿಕ ಈ ವ್ಯಾಪಾರದ ಕೀಲಿಕೈ ಅವರ ಪಾಲಾಯಿತು. ಇಲ್ಲಿ ಒಂದು ಅಂಶ ಗಮನಾರ್ಹ. ಹಡಗಿನಿಂದ ಇಳಿಯುತ್ತಿದ್ದವು ಬೆಳೆದ ಕುದುರೆಗಳು. ದುಂಡುಹುಳುವಿನ ಬಾಧೆಯಾದರೋ ಮುಖ್ಯವಾಗಿ ಒಂದು ವರ್ಷದೊಳಗಿನ ಮರಿಗಳದು. ಆರು ತಿಂಗಳಿನಿಂದೀಚೆಗೆ ಮರಿಯ ದೇಹವೇ ಹುಳುವನ್ನು ತಡೆಯುವ ಶಕ್ತಿಯನ್ನು ಕ್ರಮೇಣ ಪಡೆಯುತ್ತದೆ. ಆದ್ದರಿಂದ ಆಮದಿನ ಕುದುರೆಯನ್ನು ಅವಲಂಬಿಸಿದ ಅರಮನೆಯ ಲಾಯಕ್ಕೆ ಈ ರೋಗ ದೊಡ್ಡ ಚಿಂತೆಯಾಗಿರಲು ಕಾರಣ ಕಡಿಮೆ. ನಷ್ಟ ತಟ್ಟುತ್ತಿದ್ದುದು ಮರಿ ಹಾಕಿಸುವ ಸಾಕಣೆಗಾರನ ಮನೆಗೆ.

ಇಂದು ಪಾರಾಸ್ಕಾರಿಸ್ ಎಂದು ಕರೆಯಲಾಗುವ ಈ ಹುಳುವಿನ ಬಾಳಿನ ಮಾರ್ಗ ತಿಳಿದುದು ತಡವಾಗಿ. 1916ರಲ್ಲಿ ಭಾರತೀಯ ವೈದ್ಯಕೀಯ ಸೇವೆಯ ಎಫ್. ಎಚ್. ಸ್ಟುವರ್ಟ್ ಮನುಷ್ಯನ ದುಂಡುಹುಳುವಿನ ಮೊಟ್ಟೆಗಳನ್ನು ಇಲಿಗಳಿಗೆ ತಿನ್ನಿಸಿ, ಎಳೆಹುಳುಗಳು ಯಕೃತ್ತು ಮತ್ತು ಶ್ವಾಸಕೋಶಗಳನ್ನು ಹಾದುಹೋಗುವುದನ್ನು ತೋರಿಸಿದನು. ಕುದುರೆಯ ಹುಳುವಿನದೂ ಇದೇ ದಾರಿ. ಲದ್ದಿಯೊಡನೆ ನೆಲಕ್ಕೆ ಬಿದ್ದ ಮೊಟ್ಟೆ ಅನುಕೂಲ ಹವೆಯಲ್ಲಿ ಸುಮಾರು ಎರಡು ವಾರಗಳಲ್ಲಿ ಸೋಂಕು ತರುವ ಸ್ಥಿತಿಗೆ ಬರುತ್ತದೆ. ಮರಿಯ ಹೊಟ್ಟೆ ಸೇರಿ ಯಕೃತ್ತಿಗೂ ಶ್ವಾಸಕೋಶಕ್ಕೂ ಹೋದ ಎಳೆಹುಳು, ಕೆಮ್ಮಿನೊಡನೆ ಗಂಟಲಿಗೇರಿ, ನುಂಗಲ್ಪಟ್ಟು ಸಣ್ಣಕರುಳಿಗೆ ಮರಳುತ್ತದೆ. ಸುಮಾರು ಎರಡೂವರೆ–ಮೂರು ತಿಂಗಳಲ್ಲಿ ತಾನೇ ಮೊಟ್ಟೆಯಿಡತೊಡಗುತ್ತದೆ. ದಪ್ಪ ಕವಚದ ಆ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿರಬಲ್ಲವು. ಹೀಗಾಗಿ ಹಿಂದಿನ ವರ್ಷದ ಮರಿ ಬಿಟ್ಟುಹೋದ ಸೋಂಕು ಈ ವರ್ಷದ ಮರಿಗೆ ಕಾದಿರುತ್ತದೆ.

ಔಷಧಿಗಳ ಇತಿಹಾಸ ಇದಕ್ಕಿಂತ ವೇಗದ್ದು. ಚೂರ್ಣ, ಟರ್ಪೆಂಟೈನ್, ಕಾರ್ಬನ್ ಡೈಸಲ್ಫೈಡ್‌ಗಳ ಕಾಲ ಮುಗಿದು 1950ರ ದಶಕದಲ್ಲಿ ಪೈಪರಜೀನ್, 1961ರಲ್ಲಿ ಥಯಾಬೆಂಡಜೋಲ್, 1981ರಲ್ಲಿ ಐವರ್‌ಮೆಕ್ಟಿನ್ ಬಂದವು. ಆದರೆ ಪ್ರಬಲ ಮದ್ದಿನಲ್ಲಿಯೇ ಅಪಾಯ ಅಡಗಿದೆ. ಹುಳು ತುಂಬಿದ ಮರಿಗೆ ಹುಳುವನ್ನು ಒಮ್ಮೆಲೇ ನಿಶ್ಚೇಷ್ಟಗೊಳಿಸುವ ಮದ್ದು ಕೊಟ್ಟರೆ, ಸತ್ತ ಹುಳುಗಳ ಉಂಡೆ ಸಣ್ಣಕರುಳನ್ನು ಕಟ್ಟಿ ಶೂಲೆಯೆದ್ದು ಕರುಳು ಒಡೆಯುವುದುಂಟು. ಹಾಗಾಗಿ ಅಂಥ ಮರಿಗೆ ನಿಧಾನವಾಗಿ ಕೆಲಸ ಮಾಡುವ ಫೆನ್‌ಬೆಂಡಜೋಲ್‌ನಂಥ ಮದ್ದನ್ನು ಪಶುವೈದ್ಯರು ಮೊದಲು ಆರಿಸುತ್ತಾರೆ. ಅದರ ಮೇಲೆ, 2002ರಲ್ಲಿ ನೆದರ್ಲೆಂಡ್ಸಿನಿಂದ ಐವರ್‌ಮೆಕ್ಟಿನ್‌ಗೆ ಬಗ್ಗದ ದುಂಡುಹುಳುವಿನ ವರದಿ ಬಂತು. ಆ ಬಳಿಕ ಅನೇಕ ದೇಶಗಳಿಂದ ಅಂಥವೇ ವರದಿಗಳು ಬಂದವು. ತಿಂಗಳಿಗೊಮ್ಮೆ ಎಲ್ಲ ಮರಿಗಳಿಗೂ ಮದ್ದು ಕುಡಿಸುವ ಪದ್ಧತಿಯೇ ಇದಕ್ಕೆ ದಾರಿ ಮಾಡಿತೆಂಬ ಅಭಿಪ್ರಾಯಕ್ಕೆ ಬಲವಾದ ಆಧಾರಗಳಿವೆ. ಎರಡು–ಮೂರು ತಿಂಗಳ ಪ್ರಾಯದಲ್ಲೊಮ್ಮೆ, ಹಾಲು ಬಿಡಿಸುವ ಹೊತ್ತಿನಲ್ಲಿ ಲದ್ದಿಯ ಪರೀಕ್ಷೆ ನಡೆಸಿ ಇನ್ನೊಮ್ಮೆ ಮದ್ದು ಕೊಡುವುದು, ಲದ್ದಿಯನ್ನು ಎತ್ತಿ ಬಿಸಿಯೇರುವಂತೆ ಗುಡ್ಡೆ ಹಾಕುವುದು, ಮರಿಗಳ ಮೇವಿನ ನೆಲವನ್ನು ಬದಲಿಸುವುದು ಈಗಿನ ಸಲಹೆ. ಚರಕನ ಮೂರನೆಯ ಉಪಾಯ ಹೀಗೆ ಬೇರೊಂದು ಹೆಸರಿನಲ್ಲಿ ಮರಳಿದೆ.

ಟಿಪ್ಪುವಿನ ಕಾಲದ ಕುಣಿಗಲ್ ಅಶ್ವಕ್ಷೇತ್ರದಂಥ ಸ್ಥಿರ ನೆಲೆಗಳಿಗೂ ಭೀಮಾತೀರದ ಅಲೆಮಾರಿ ಸಾಕಣೆಗೂ ಇರುವ ಭೇದ ಇಲ್ಲಿ ಅರ್ಥಪೂರ್ಣ. ಒಂದೇ ಕಾವಲಿನಲ್ಲಿ ವರ್ಷವರ್ಷವೂ ಮರಿ ಬೆಳೆಸುವಲ್ಲಿ ಮೊಟ್ಟೆಗಳು ಮಣ್ಣಿನಲ್ಲಿ ಸಂಚಯವಾಗುತ್ತವೆ. ಕುರಿಹಿಂಡಿನೊಡನೆ ಹೊರೆ ಹೊರುವ ತಟ್ಟನ್ನು ನಡೆಸುತ್ತ ಕೆಲವೇ ದಿನಗಳಿಗೆ ಬಿಡಾರ ಬದಲಿಸುವ ಕುರುಬ, ಧನಗರರ ಮರಿಗಳು ಮೊಟ್ಟೆ ಪಕ್ವವಾಗುವ ಮುನ್ನವೇ ಆ ನೆಲವನ್ನು ಬಿಟ್ಟಿರುತ್ತವೆ. ಇದು ಉದ್ದೇಶಪೂರ್ವಕ ವೈದ್ಯವಲ್ಲ, ಮೇವಿನ ಹುಡುಕಾಟದ ಫಲ. ಮಳೆಗಾಲದಲ್ಲಿ ಊರಲ್ಲಿ ನಿಂತಾಗ ಈ ರಕ್ಷಣೆ ಇರದು. 2023–24ರಲ್ಲಿ ಭೀಮಥಡಿ ಕುದುರೆಗೆ ಮಹಾರಾಷ್ಟ್ರದ ತಳಿಯಾಗಿ ರಾಷ್ಟ್ರೀಯ ಮಾನ್ಯತೆ ದೊರೆಯಿತು. ತಳಿಯನ್ನು ಉಳಿಸುವ ಯತ್ನದಲ್ಲಿ ಮರಿಗಳನ್ನು ಒಂದೆಡೆ ಕೂಡಿಹಾಕಿ ಸಾಕುವುದಾದರೆ, ಅಲೆದಾಟದಿಂದ ತಾನಾಗಿ ಒದಗುತ್ತಿದ್ದ ಕಾಪನ್ನು ಲದ್ದಿಯ ಗುದ್ದಲಿಯಿಂದಲೂ ಸೂಕ್ಷ್ಮದರ್ಶಕದಿಂದಲೂ ದುಡಿದೇ ಪಡೆಯಬೇಕಾಗುತ್ತದೆ.