ಸವಣೂರು ಪ್ರತಿಭಟನೆ (2010)

ಸವಣೂರು ಪ್ರತಿಭಟನೆಯು ಹಾವೇರಿ ಜಿಲ್ಲೆಯ ಸವಣೂರು ಪಟ್ಟಣದಲ್ಲಿ 2010ರ ಜುಲೈ 20ರಂದು ನಡೆದ ಘಟನೆ. ತಾವು ವಾಸಿಸುತ್ತಿದ್ದ ಜಾಗದಿಂದ ಒಕ್ಕಲೆಬ್ಬಿಸುವ ಪ್ರಯತ್ನವನ್ನು ವಿರೋಧಿಸಿ ಭಂಗಿ ಸಮುದಾಯದವರು ಪುರಸಭೆ ಕಚೇರಿಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಶೌಚಾಲಯ ಮತ್ತು ಮಲದ ಗುಂಡಿಗಳನ್ನು ಸ್ವಚ್ಛಗೊಳಿಸುವ ಕೆಲಸವನ್ನು ತಲೆಮಾರುಗಳಿಂದ ಇವರ ಮೇಲೆ ಹೊರಿಸಲಾಗಿತ್ತು. 'ಭಂಗಿ' ಎಂಬ ಹೆಸರೇ ಅನೇಕ ಕಡೆ ಬೈಗುಳವಾಗಿ ಬಳಕೆಯಾಗಿದೆ.

ಹಿನ್ನೆಲೆ

ನವಾಬರ ಆಳ್ವಿಕೆಯಲ್ಲಿದ್ದ ಸವಣೂರು ಸಂಸ್ಥಾನವು 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ಧಾರವಾಡ ಜಿಲ್ಲೆಗೆ ಸೇರಿದ್ದ ಈ ಭಾಗವು 1997ರಲ್ಲಿ ರಾಣೇಬೆನ್ನೂರು, ಬ್ಯಾಡಗಿ ಮೊದಲಾದ ತಾಲ್ಲೂಕುಗಳೊಂದಿಗೆ ಹೊಸ ಹಾವೇರಿ ಜಿಲ್ಲೆಗೆ ಸೇರಿತು.

ಅಮೆರಿಕದ ಅನೇಕ ಸಣ್ಣ ಪಟ್ಟಣಗಳಲ್ಲಿ ಕಪ್ಪು ಜನರು ಸೂರ್ಯಾಸ್ತದ ನಂತರ ಉಳಿಯುವುದನ್ನೇ ನಿರ್ಬಂಧಿಸಲಾಗಿತ್ತು. ಕರ್ನಾಟಕದ ಊರುಗಳಲ್ಲಿ ಬಹಿಷ್ಕಾರದ ರೂಪ ಬೇರೆ. ಊರಿಗೆ ದಲಿತರ ದುಡಿಮೆ ಬೇಕಿತ್ತು, ಆದ್ದರಿಂದ ಅವರನ್ನು ಓಡಿಸದೆ ಪ್ರತ್ಯೇಕ ಕೇರಿಯಲ್ಲಿ ಇರಿಸಲಾಯಿತು. ಬಾವಿ, ದೇವಸ್ಥಾನ, ಹೋಟೆಲು, ಕ್ಷೌರದ ಅಂಗಡಿಗಳಲ್ಲಿ ಪ್ರವೇಶ ನಿರಾಕರಿಸಲಾಯಿತು. ಇಂತಹ ವಾಸಸ್ಥಳಗಳಿಗೆ ಹಕ್ಕುಪತ್ರ ಇರದಿರುವುದು ಸಾಮಾನ್ಯವಾದ ಕಾರಣ, ಜಾಗಕ್ಕೆ ಬೆಲೆ ಬಂದಾಗ ತೆರವಿನ ಭೀತಿ ಎದುರಾಗುತ್ತದೆ. ಸವಣೂರಿನ ಕುಟುಂಬಗಳು ಹಲವು ದಶಕಗಳಿಂದ ನೆಲೆಸಿದ್ದ ಜಾಗದಲ್ಲಿ ವಾಣಿಜ್ಯ ಮಳಿಗೆಗಳನ್ನು ಕಟ್ಟುವ ಯೋಜನೆ ಇತ್ತು.

ಪ್ರತಿಭಟನೆ ಮತ್ತು ಪರಿಣಾಮ

ಯಾವ ವಸ್ತುವಿನ ಕಾರಣದಿಂದ ತಮ್ಮನ್ನು ಅಸ್ಪೃಶ್ಯರೆಂದು ದೂರವಿಡಲಾಗಿತ್ತೋ ಅದನ್ನೇ ಆಡಳಿತದ ಬಾಗಿಲಿನಲ್ಲಿ ಮೈಮೇಲೆ ಸುರಿದುಕೊಂಡದ್ದು ಈ ಪ್ರತಿಭಟನೆಯ ವೈಶಿಷ್ಟ್ಯ. ರಾಜ್ಯದಲ್ಲಿ ಮಲ ಹೊರುವ ಪದ್ಧತಿ ಕೊನೆಗೊಂಡಿದೆ ಎಂಬ ನಂಬಿಕೆಯನ್ನು ಇದು ಅಲುಗಾಡಿಸಿತು. ಘಟನೆಯ ಚಿತ್ರಗಳು ಪ್ರಕಟವಾದ ನಂತರ ದಲಿತ ಮತ್ತು ಮಾನವ ಹಕ್ಕು ಸಂಘಟನೆಗಳು ಪಟ್ಟಣಕ್ಕೆ ಬಂದವು. ವಸತಿ ಹಾಗೂ ಉದ್ಯೋಗದ ಬೇಡಿಕೆಗಳು ರಾಜ್ಯಮಟ್ಟದ ಚರ್ಚೆಗೆ ಬಂದವು.

ಕಾನೂನು

ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಸಂಪುಟದ ಸಚಿವರಾಗಿದ್ದಾಗ ನಿಷೇಧಿಸಲಾಯಿತು. 1993ರ ಕೇಂದ್ರ ಕಾಯ್ದೆ ಮುಖ್ಯವಾಗಿ ಒಣ ಶೌಚಾಲಯಗಳನ್ನು ಕುರಿತದ್ದಾಗಿತ್ತು. ಗುಂಡಿ ಸ್ವಚ್ಛಗೊಳಿಸುವವರು ಅದರ ವ್ಯಾಪ್ತಿಯಿಂದ ಬಹುಮಟ್ಟಿಗೆ ಹೊರಗೇ ಉಳಿದರು. ಸವಣೂರಿನ ಘಟನೆಯ ಮೂರು ವರ್ಷಗಳ ನಂತರ ಬಂದ 2013ರ ಕಾಯ್ದೆಯು ಅಂತಹ ಕೆಲಸವನ್ನೂ ಒಳಗೊಂಡು ಪುನರ್ವಸತಿಯನ್ನು ಸೇರಿಸಿತು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಪರಿಶಿಷ್ಟರಿಂದ ಮಲ ಹೊರಿಸುವುದು ಹಾಗೂ ಅವರಿಗೆ ಸಾಮಾಜಿಕ ಬಹಿಷ್ಕಾರ ಹಾಕುವುದು ಶಿಕ್ಷಾರ್ಹ ಅಪರಾಧ.