ನಾಲ್ಕು ತುಂಡು ಮಾಡಿದ ಮಾತ್ರೆ

ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಔಷಧಿ ಅಂಗಡಿ ಇದೆ. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಸಂಜೆ ಹೋಗಿ ಸ್ಟೂಲಿನ ಮೇಲೆ ಕೂತು, ಹಳೆ ಗಿರಾಕಿಗಳ ಹತ್ತಿರ ಹರಟೆ ಹೊಡೆದು ಬರುತ್ತೇನೆ, ಅಷ್ಟೆ. 1984ರಲ್ಲಿ ಕುಂದಾಪುರದಿಂದ ಬಂದು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆ ಓದಿ, ಆಮೇಲೆ ಡಿ.ಫಾರ್ಮ್ ಮಾಡಿ ಹಾಕಿದ ಅಂಗಡಿ ಅದು. ಆ ಕಥೆ ಇನ್ನೊಮ್ಮೆ ಹೇಳುತ್ತೇನೆ. ಇವತ್ತು ಹೇಳಬೇಕಾದದ್ದು ಒಂದು ಮಾತ್ರೆಯ ಕಥೆ.

2003ರಲ್ಲಿ ಜಮಖಂಡಿ ಕಡೆಯ ಒಬ್ಬ ಅಜ್ಜಿ ತಿಂಗಳಿಗೊಮ್ಮೆ ಅಂಗಡಿಗೆ ಬರುತ್ತಿದ್ದರು. ಮಗ, ಸೊಸೆ ಇಬ್ಬರೂ ತೀರಿಹೋಗಿದ್ದರು. ಉಳಿದದ್ದು ನಾಲ್ಕು ವರ್ಷದ ಮೊಮ್ಮಗ. ಅವನಿಗೂ ಅದೇ ಕಾಯಿಲೆ, ಎಚ್‌ಐವಿ. ಮೂರು ಔಷಧಿ ಒಂದೇ ಮಾತ್ರೆಯಲ್ಲಿ ಸೇರಿಸಿದ್ದು ಆಗ ಹೊಸದಾಗಿ ಬಂದಿತ್ತು, ಆದರೆ ಅದು ದೊಡ್ಡವರ ಮಾತ್ರೆ. ಡಾಕ್ಟರ ಚೀಟಿಯಲ್ಲಿ ಕಾಲು ಮಾತ್ರೆ, ದಿನಕ್ಕೆ ಎರಡು ಸಲ ಅಂತ ಇರುತ್ತಿತ್ತು.

"ಯಪ್ಪಾ, ನನ್ನ ಕೈ ನಡಗತಾವ. ನೀನ ನಾಕ ತುಂಡ ಮಾಡಿ ಕೊಡು" ಅನ್ನುತ್ತಿದ್ದರು ಅಜ್ಜಿ. ನಾನು ಹೊಸ ಬ್ಲೇಡು ತೆಗೆದು, ಕೌಂಟರಿನ ಮೇಲೆ ಕಾಗದ ಹಾಸಿ ಕತ್ತರಿಸುತ್ತಿದ್ದೆ. ಒಂದು ತುಂಡು ದೊಡ್ಡದು, ಒಂದು ಚಿಕ್ಕದು, ಉಳಿದದ್ದು ಪುಡಿ. ಸ್ಟ್ರಿಪ್ಪಿನ ಹಾಳೆಯನ್ನು ಅವರು ಮನೆಗೆ ಒಯ್ಯುತ್ತಿರಲಿಲ್ಲ. "ಚಾಳಿನಾಗ ಯಾರರ ನೋಡಿದ್ರ ಮನಿ ಬಿಡಸ್ತಾರ" ಅಂತ ನನ್ನ ಕಸದ ಬುಟ್ಟಿಗೇ ಹಾಕಿ ಹೋಗುತ್ತಿದ್ದರು. ಹೀಗೆ ಒಂದೂವರೆ ವರ್ಷ ನಡೆಯಿತು. ಉಪಕಾರ ಮಾಡುತ್ತಿದ್ದೇನೆ ಎಂಬ ಸಣ್ಣ ಹೆಮ್ಮೆಯೂ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ನಾಲ್ಕು ವರ್ಷದ ಮಗುವಿಗೆ ದೊಡ್ಡವರ ಮಾತ್ರೆಯನ್ನು ಯಾಕೆ ಕತ್ತರಿಸಬೇಕಿತ್ತು? ಮಕ್ಕಳದ್ದೇ ಮಾತ್ರೆ ಯಾಕಿರಲಿಲ್ಲ? ಆಗ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಬಹಳ ವರ್ಷದ ಮೇಲೆ ಡಯಾನಾ ಗಿಬ್ ಎಂಬ ಡಾಕ್ಟರಮ್ಮನ ಕೆಲಸದ ಬಗ್ಗೆ ಓದುವಾಗ ಉತ್ತರ ಸಿಕ್ಕಿತು. ಲಂಡನ್ನಿನ ಮಕ್ಕಳ ವೈದ್ಯೆ ಆಕೆ, ಅಲ್ಲಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ಕ್ಲಿನಿಕಲ್ ಟ್ರಯಲ್ಸ್ ಘಟಕದಲ್ಲಿ ಪ್ರೊಫೆಸರ್ ಆಗಿ ಕೆಲಸ ಮಾಡಿದವರು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅಮೆರಿಕದಲ್ಲಿ ಎಜೆಡ್‌ಟಿ ಎಂಬ ಮೊದಲ ಔಷಧಿಗೆ ದೊಡ್ಡವರಿಗಾಗಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ, ಮಕ್ಕಳಿಗೆ 1990ರಲ್ಲಿ. ಮೂರು ವರ್ಷ ತಡ. 1994ರಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ಬಸುರಿಗೆ ಮತ್ತು ಹುಟ್ಟಿದ ಮಗುವಿಗೆ ಇದೇ ಎಜೆಡ್‌ಟಿ ಕೊಟ್ಟರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವುದು 100ಕ್ಕೆ 25.5ರಿಂದ 8.3ಕ್ಕೆ ಇಳಿಯುತ್ತದೆ ಎಂದು ಅಮೆರಿಕ ಮತ್ತು ಫ್ರಾನ್ಸಿನ ಒಂದು ಪ್ರಯೋಗ ತೋರಿಸಿತು. ಶ್ರೀಮಂತ ದೇಶಗಳಲ್ಲಿ ಸೋಂಕಿರುವ ಕೂಸುಗಳು ಹುಟ್ಟುವುದೇ ಅಪರೂಪವಾಗುತ್ತ ಬಂತು.

ಸಂತೋಷದ ವಿಷಯವೇ. ಆದರೆ ಅಂಗಡಿ ಇಟ್ಟವನಿಗೆ ಇದರ ಇನ್ನೊಂದು ಮುಖ ಬೇಗ ಅರ್ಥವಾಗುತ್ತದೆ. ದುಡ್ಡು ಕೊಡುವ ಗಿರಾಕಿ ಇಲ್ಲದ ಮಾಲನ್ನು ಯಾರು ತಯಾರಿಸುತ್ತಾರೆ? ಕಾಯಿಲೆಯ ಮಕ್ಕಳು ಉಳಿದದ್ದು ಆಫ್ರಿಕಾದಲ್ಲಿ, ನಮ್ಮಲ್ಲಿ. ಅವರಿಗಾಗಿ ಇದ್ದದ್ದು ಸಿರಪ್ಪು. ಮೂರು ಔಷಧಿಗೆ ಮೂರು ಬಾಟಲಿ, ಕೆಲವನ್ನು ಫ್ರಿಜ್ಜಿನಲ್ಲಿಡಬೇಕು, ಮಾತ್ರೆಗಿಂತ ದುಬಾರಿ ಬೇರೆ. ಫ್ರಿಜ್ಜು ಇಲ್ಲದ ಮನೆಯವರು ಏನು ಮಾಡಬೇಕು? ದೊಡ್ಡವರ ಮಾತ್ರೆ ಮುರಿಯಬೇಕು. ಇತ್ತ ಚಿಕಿತ್ಸೆ ಸಿಗದ ಮಕ್ಕಳ ಗತಿ? ಆಫ್ರಿಕಾದ ಹಲವು ಅಧ್ಯಯನಗಳನ್ನು ಕೂಡಿಸಿ 2004ರಲ್ಲಿ ಹಾಕಿದ ಲೆಕ್ಕದಂತೆ ಅರ್ಧಕ್ಕೂ ಹೆಚ್ಚು ಮಕ್ಕಳು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು.

ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಯೂನಿವರ್ಸಿಟಿ ಟೀಚಿಂಗ್ ಹಾಸ್ಪಿಟಲ್ ಎಂಬ ದೊಡ್ಡಾಸ್ಪತ್ರೆ ಇದೆ. ಅಲ್ಲಿನ ಚಿಫುಂಬೆ ಚಿಂಟು ಮತ್ತವರ ಜೊತೆಗಾರರು ಗಿಬ್ ತಂಡದೊಂದಿಗೆ ಸೇರಿ 2001ರಲ್ಲಿ ಒಂದು ಪ್ರಯೋಗ ಶುರುಮಾಡಿದರು. ಎಚ್‌ಐವಿ ಔಷಧಿ ಆಗ ಆ ಮಕ್ಕಳ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಅವರು ಪರೀಕ್ಷಿಸಿದ್ದು ಕೋಟ್ರೈಮಾಕ್ಸಜೋಲ್ ಎಂಬ ಹಳೆಯ, ಅಗ್ಗದ ಆಂಟಿಬಯಾಟಿಕ್ಕನ್ನು. ನನ್ನ ಅಂಗಡಿಯಲ್ಲಿ ಕೆಳಗಿನ ಶೆಲ್ಫಿನಲ್ಲಿ ಬಿದ್ದಿರುತ್ತಿದ್ದ ಮಾಲು ಅದು! ಲುಸಾಕಾದ ರೋಗಾಣುಗಳು ಈ ಔಷಧಿಗೆ ಬಹಳಷ್ಟು ಒಗ್ಗಿಹೋಗಿದ್ದರಿಂದ ಇದು ಕೆಲಸ ಮಾಡೀತೇ ಎಂಬ ಸಂಶಯ ಇತ್ತು. 541 ಮಕ್ಕಳನ್ನು ಸೇರಿಸಿಕೊಂಡರು. ಕೆಲವರಿಗೆ ದಿನಾ ಈ ಔಷಧಿ, ಉಳಿದವರಿಗೆ ಬರೀ ಹೆಸರಿಗೆ ಔಷಧಿ. ಬರೀ ಹೆಸರಿನ ಔಷಧಿ ತೆಗೆದುಕೊಂಡವರಲ್ಲಿ 100ಕ್ಕೆ 42 ಮಕ್ಕಳು ತೀರಿಕೊಂಡರು, ಕೋಟ್ರೈಮಾಕ್ಸಜೋಲ್ ತೆಗೆದುಕೊಂಡವರಲ್ಲಿ 28. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ 2003ರಲ್ಲಿ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 2004ರ ನವೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಬದಲಾಯಿತು. ಆ ವರದಿಯ ಲೇಖಕರ ಪಟ್ಟಿಯಲ್ಲಿ ಎರಡನೆಯ ಹೆಸರು ಜಿ.ಜೆ. ಭಟ್. ಊರು ಬಿಟ್ಟು ನಲವತ್ತು ವರ್ಷವಾದರೂ ಅಂಥ ಹೆಸರು ಕಂಡಲ್ಲಿ ನಮ್ಮ ಕಣ್ಣು ನಿಂತೇ ನಿಲ್ಲುತ್ತದೆ ನೋಡಿ!

ಈಗ ಮಾತ್ರೆಯ ವಿಷಯಕ್ಕೆ ಬರೋಣ. ಮೂರು ಔಷಧಿ ಸೇರಿಸಿದ ಮಾತ್ರೆ ಟ್ರಯೋಮ್ಯೂನ್. 2001ರಲ್ಲಿ ಅದನ್ನು ಹೊರತಂದದ್ದು ನಮ್ಮ ಮುಂಬಯಿಯ ಸಿಪ್ಲಾ. ಆಗ ಮುಂಬಯಿ ಸೆಂಟ್ರಲ್ಲಿನ ಬೆಲಾಸಿಸ್ ರಸ್ತೆಯಲ್ಲಿ ಅವರ ಆಫೀಸು. ಅದೇ ವರ್ಷ ಫೆಬ್ರವರಿಯಲ್ಲಿ ಯೂಸುಫ್ ಹಮೀದ್ ಒಬ್ಬ ರೋಗಿಯ ಒಂದು ವರ್ಷದ ಔಷಧಿಯನ್ನು 350 ಡಾಲರಿಗೆ ಕೊಡುತ್ತೇನೆಂದು ಹೇಳಿ ಜಗತ್ತನ್ನೇ ಬೆಚ್ಚಿಬೀಳಿಸಿದ್ದು ನಿಮಗೂ ನೆನಪಿರಬಹುದು. ಮುಂದೆ ಅದೇ ಕಂಪನಿ ಮಕ್ಕಳಿಗಾಗಿ ಎರಡು ಪುಟ್ಟ ಮಾತ್ರೆ ಮಾಡಿತು, ಬೇಬಿ ಮತ್ತು ಜೂನಿಯರ್. ನೀರಿನಲ್ಲಿ ಕರಗುತ್ತದೆ, ಅರ್ಧ ಮಾಡಲು ನಡುವೆ ಗೆರೆ ಇದೆ. ಲುಸಾಕಾದ ಅದೇ ಆಸ್ಪತ್ರೆಯಲ್ಲಿ ಗಿಬ್, ವೆರೋನಿಕಾ ಮುಲೆಂಗಾ ಮೊದಲಾದವರು ಮಕ್ಕಳಿಗೆ ಈ ಮಾತ್ರೆ ಕೊಟ್ಟು, ರಕ್ತದಲ್ಲಿ ಔಷಧಿ ಎಷ್ಟು ಸೇರುತ್ತದೆಂದು ಅಳೆದರು. ಚಾಪಾಸ್ ಎಂದು ಆ ಪ್ರಯೋಗದ ಹೆಸರು.

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ, ದಯವಿಟ್ಟು ಓದಿ. ದೊಡ್ಡವರ ಮಾತ್ರೆಯಲ್ಲಿ ಸ್ಟಾವುಡಿನ್ 30 ಮಿಲಿಗ್ರಾಂ, ಲ್ಯಾಮಿವುಡಿನ್ 150, ನೆವಿರಪಿನ್ 200. ಬೇಬಿ ಮಾತ್ರೆಯಲ್ಲಿ ಇವು 6, 30, 50. ಮೊದಲೆರಡು ಸರಿಯಾಗಿ ಐದನೇ ಒಂದು ಭಾಗ. ಅದೇ ಲೆಕ್ಕದಲ್ಲಿ ನೆವಿರಪಿನ್ 40 ಇರಬೇಕಿತ್ತು, ಆದರೆ ಹಾಕಿದ್ದು 50. ಯಾಕೆ? ಚಿಕ್ಕ ಮಕ್ಕಳ ದೇಹ ನೆವಿರಪಿನ್ನನ್ನು ದೊಡ್ಡವರಿಗಿಂತ ಬೇಗ ಹೊರಹಾಕುತ್ತದೆ. ಹಾಗಾಗಿ ಮಗು ಅಂದರೆ ಸಣ್ಣ ಗಾತ್ರದ ದೊಡ್ಡ ಮನುಷ್ಯ ಅಲ್ಲ. ದೊಡ್ಡವರ ಮಾತ್ರೆಯನ್ನು ಎಷ್ಟೇ ನಾಜೂಕಾಗಿ ಕತ್ತರಿಸಿದರೂ ಆ ಪ್ರಮಾಣ ಹೊಂದುವುದಿಲ್ಲ. ಮಲಾವಿ ಮತ್ತು ಜಾಂಬಿಯಾದಲ್ಲಿ ತುಂಡು ಮಾತ್ರೆ ತಿನ್ನುತ್ತಿದ್ದ ಮಕ್ಕಳ ರಕ್ತ ಪರೀಕ್ಷೆಯ ವರದಿ 2007ರಲ್ಲಿ ಬಂತು. ನೆವಿರಪಿನ್ ಕಡಿಮೆ ಬಿದ್ದದ್ದು ಹೆಚ್ಚಾಗಿ ಅತಿ ಚಿಕ್ಕ ಮಕ್ಕಳಲ್ಲಿ, ಕಾಲು ಮಾತ್ರೆಯವರಲ್ಲಿ. ಔಷಧಿ ಕಡಿಮೆ ಬಿದ್ದರೆ ವೈರಸ್ಸು ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಪೂರ್ತಿ ಮಾತ್ರೆ ಕೊಟ್ಟರೂ ಕೇಳುವುದಿಲ್ಲ.

ಕಾಲು ಮಾತ್ರೆಯವರು. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಬ್ಲೇಡು, ಹಾಸಿದ ಕಾಗದ, ಅಜ್ಜಿಯ ನಡುಗುವ ಕೈ ಎಲ್ಲ ಕಣ್ಣ ಮುಂದೆ ಬಂತು.

ನಮ್ಮ ದೇಶದ ಎಂಟು ಸರಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಔಷಧಿಯನ್ನು ಪುಕ್ಕಟೆ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು. ಮುಂಬಯಿಯ ಜೆ.ಜೆ. ಆಸ್ಪತ್ರೆ ಅದರಲ್ಲಿ ಒಂದು. ಮೊದಲು ಆರಿಸಿಕೊಂಡ, ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು. ಮಕ್ಕಳಿಗಾಗಿಯೇ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2006ರ ನವೆಂಬರ್ 30ರಂದು. ಅದೇ ದಿನ ಕ್ಲಿಂಟನ್ ಫೌಂಡೇಶನ್ ಮತ್ತು ಯುನಿಟೇಡ್ ಸೇರಿ, ಭಾರತದಲ್ಲಿ ತಯಾರಾದ ಮಕ್ಕಳ ಔಷಧಿಯನ್ನು ವರ್ಷಕ್ಕೆ ಸುಮಾರು 60 ಡಾಲರಿಗೆ ಕೊಡಿಸುವ ಒಪ್ಪಂದವನ್ನು ಸಾರಿದವು. ನಮ್ಮ ಅಜ್ಜಿ ಅಷ್ಟರೊಳಗೆ ಬರುವುದನ್ನು ನಿಲ್ಲಿಸಿದ್ದರು. ಹುಡುಗನಿಗೆ ಜ್ವರ ಬಿಡಲಿಲ್ಲ, ಊರಿಗೆ ಕರಕೊಂಡು ಹೋದರು ಅಂತ ಚಾಳಿನವರು ಹೇಳಿದರು.

ಗಿಬ್ ಮತ್ತವರ ಆಫ್ರಿಕದ ಜೊತೆಗಾರರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 2008ರಲ್ಲಿ ದಕ್ಷಿಣ ಆಫ್ರಿಕದ ಆವಿ ವಯೊಲಾರಿ, ಮಾರ್ಕ್ ಕಾಟನ್ ಜೊತೆ ಇನ್ನೊಂದು ವರದಿ ಬಂತು. ಕಾಯಿಲೆ ಜೋರಾಗುವ ತನಕ ಕಾದು ಔಷಧಿ ಕೊಟ್ಟ ಕೂಸುಗಳಲ್ಲಿ 100ಕ್ಕೆ 16 ತೀರಿಕೊಂಡರೆ, ಕೂಡಲೇ ಕೊಟ್ಟವರಲ್ಲಿ ಬರೀ 4. ಅಲ್ಲಿಂದ ಮುಂದೆ ಕೂಸುಗಳಿಗೆ ಕಾಯುವುದೇ ಬೇಡ ಎಂದಾಯಿತು. ಅಡ್ಡಪರಿಣಾಮ ಜಾಸ್ತಿಯೆಂದು ಸ್ಟಾವುಡಿನ್ ಹಿಂದೆ ಸರಿಯಿತು. ಡೊಲುಟೆಗ್ರಾವಿರ್ ಎಂಬ ಹೊಸ ಔಷಧಿಯನ್ನು 707 ಮಕ್ಕಳಲ್ಲಿ ಪರೀಕ್ಷಿಸಿದ ಒಡಿಸ್ಸಿ ಪ್ರಯೋಗದ ವರದಿ 2021ರಲ್ಲಿ ಬಂತು. ಚಿಕಿತ್ಸೆ ಕೈಕೊಟ್ಟದ್ದು ಹೊಸ ಔಷಧಿಯಲ್ಲಿ 100ಕ್ಕೆ 14, ಹಳೆಯದರಲ್ಲಿ 22. ಈ ಔಷಧಿಯ ಸ್ಟ್ರಾಬೆರಿ ರುಚಿಯ, ನೀರಲ್ಲಿ ಕರಗುವ ಮಕ್ಕಳ ಮಾತ್ರೆಯನ್ನು ಅಗ್ಗಕ್ಕೆ ಕೊಡುವ ಒಪ್ಪಂದ 2020ರಲ್ಲಿ ಆಯಿತು. ಆ ಒಪ್ಪಂದದಲ್ಲಿದ್ದ ಎರಡು ಕಂಪನಿಗಳಲ್ಲಿ ಒಂದು ಮುಂಬಯಿಯ ಮ್ಯಾಕ್ಲಿಯೋಡ್ಸ್. ಇಷ್ಟಾದರೂ 2023ರ ಲೆಕ್ಕದಂತೆ ಜಗತ್ತಿನ ಎಚ್‌ಐವಿ ಇರುವ ದೊಡ್ಡವರಲ್ಲಿ 100ಕ್ಕೆ 77 ಮಂದಿಗೆ ಔಷಧಿ ಸಿಗುತ್ತಿತ್ತು, ಮಕ್ಕಳಲ್ಲಿ 57 ಮಂದಿಗೆ ಮಾತ್ರ.

ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ಕಾಲು ಮಾತ್ರೆಯೂ ಇಲ್ಲದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು ಅನ್ನುತ್ತಾನೆ ಮಗ. ನಿಜವೇ. ನನಗೂ ಗೊತ್ತು. ಆದರೆ ಈಗಲೂ ಯಾರಾದರೂ ಚೀಟಿ ಹಿಡಿದು ಬಂದು "ಇದನ್ನು ಅರ್ಧ ಮಾಡಿ ಮಗುವಿಗೆ ಕೊಡಬಹುದಾ?" ಅಂತ ಕೇಳಿದರೆ ನಾನು ಸ್ಟೂಲಿನಿಂದ ಎದ್ದು ಬಂದು, ಮಕ್ಕಳದ್ದೇ ಮಾತ್ರೆ ಇದೆಯೇ ಎಂದು ಮೊದಲು ಹುಡುಕುತ್ತೇನೆ, ಇಲ್ಲದಿದ್ದರೆ ಡಾಕ್ಟರಿಗೆ ಫೋನು ಮಾಡುತ್ತೇನೆ. ಬ್ಲೇಡು ಇನ್ನೂ ಡ್ರಾವರಿನಲ್ಲೇ ಇದೆ. ಅದರಲ್ಲಿ ಈಗ ಖೋಕಿಯ ಟೇಪು ಕತ್ತರಿಸುತ್ತೇವೆ.